ತೆಂಗಿನೆಣ್ಣೆ ಸೋಪು: ಕತ್ತರಿಸುವಾಗ ಹೊರಬಿದ್ದ ತಂಟೆಗಳು

ಮನೆಯಲ್ಲಿ ಸೋಪು ಮಾಡುವುದನ್ನು ಹೇಳಿಕೊಡುವವರಿಗೆ ಬರವಿಲ್ಲ. ಎಣ್ಣೆ, ನೀರು, ಕಾಸ್ಟಿಕ್ ಸೋಡಾ ಕಲಸಿ, ಅಚ್ಚಿಗೆ ಸುರಿದು, ಮರುದಿನ ಕತ್ತರಿಸಿ ಎಂದು ಹತ್ತು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ. ಆದರೆ ಚಾಕು ಇಟ್ಟೊಡನೆ ಸೋಪು ಪುಡಿಯಾದರೆ, ಅಂಚಿನಲ್ಲಿ ಚಕ್ಕೆ ಎದ್ದರೆ, ನಡುವೆ ಕಂದು ಉಂಗುರ ಕಂಡರೆ ಅದು ಯಾಕಾಯಿತು, ಇನ್ನೇನು ಮಾಡಬೇಕು ಎಂಬುದಕ್ಕೆ ಉತ್ತರ ಸಿಗುವುದು ಕಷ್ಟ. ಬೇಸಿಗೆಯಲ್ಲಿ ಶುರು ಮಾಡಿದ ಈ ಕೆಲಸ ಮಳೆಗಾಲವನ್ನೆಲ್ಲ ತಿಂದು ಈಗಷ್ಟೇ ಒಂದು ಹದಕ್ಕೆ ಬಂದಿದೆ. ನಮ್ಮದು ಪುತ್ತೂರು ಕಡೆಯ ಮನೆ, ನನ್ನ ಅನುಭವ ಬಹುಪಾಲು ತೆಂಗಿನೆಣ್ಣೆಯದು. ಎಷ್ಟು ಗಂಟೆಗೆ ಕತ್ತರಿಸಬೇಕೆಂಬ ಇಲ್ಲಿನ ಲೆಕ್ಕ ಆಲಿವ್ ಎಣ್ಣೆಯಲ್ಲಿ ಮಾಡುವವರಿಗೆ ಹೊಂದುವುದಿಲ್ಲ. ಹಾಗೆಯೇ ಅವರ ಲೆಕ್ಕ ನಮಗೆ ಹೊಂದುವುದಿಲ್ಲ. ನನ್ನ ಅರ್ಧ ತೊಂದರೆಯ ಮೂಲ ಇದೇ.

ಹೊರಟದ್ದು ಎಣ್ಣೆಯ ದೆಸೆಯಿಂದ. ಹಿಂದಿನ ವರ್ಷ ಕೊಬ್ಬರಿ ಆಡಿಸಿದ ಎಣ್ಣೆಯಲ್ಲಿ ಒಂದು ಡಬ್ಬಿ ಹಾಗೆಯೇ ಉಳಿದು ಕಮಟು ವಾಸನೆ ಹಿಡಿದಿತ್ತು. ಒಗ್ಗರಣೆಗೆ ಆಗದು, ತಲೆಗೂ ಆಗದು. ಎಣ್ಣೆಯ ಬೆಲೆ ಕಂಡವರು ಯಾರೂ ಅದನ್ನು ಚೆಲ್ಲಲಾರರು. "ದೀಪಕ್ಕೆ ಇಟ್ಟುಕೊಳ್ಳೋಣ" ಎಂದು ಅತ್ತೆ ಹೇಳಿದ್ದರು. ಅಷ್ಟು ಎಣ್ಣೆ ಸುಡಲು ನಮ್ಮ ಮನೆಯಲ್ಲಿ ಅಷ್ಟು ದೀಪಗಳಿಲ್ಲ.

ಮೊದಲ ಅಡ್ಡಿ ಕಾಸ್ಟಿಕ್ ಸೋಡಾದ್ದು. ಹಾರ್ಡ್‌ವೇರ್ ಅಂಗಡಿಗಳಲ್ಲಿ ಚರಂಡಿ ಕಟ್ಟಿಕೊಂಡಾಗ ಹಾಕುವ ಪುಡಿ ಸಿಗುತ್ತದೆ. ಅದರಲ್ಲಿ ಕಾಸ್ಟಿಕ್ ಜೊತೆ ಬೇರೆ ಏನೇನೋ ಬೆರೆತಿರುತ್ತದೆ, ಕೆಲವದರಲ್ಲಿ ಅಲ್ಯುಮಿನಿಯಂ ಚೂರುಗಳೂ ಇರುತ್ತವೆ. ಸೋಪಿಗೆ ಅದು ಖಂಡಿತ ಬೇಡ. ಲೇಬಲ್ ಮೇಲೆ ಸೋಡಿಯಂ ಹೈಡ್ರಾಕ್ಸೈಡ್ ಎಂದು ಒಂದೇ ಹೆಸರು, ಶುದ್ಧತೆ ಶೇ 98ರ ಆಸುಪಾಸು ಇರುವುದನ್ನೇ ಕೇಳಿ ಪಡೆಯಬೇಕು. ಶಾಲಾ ಪ್ರಯೋಗಾಲಯಗಳಿಗೆ ಸರಕು ಕೊಡುವ ಅಂಗಡಿಯಲ್ಲಿ ನನಗೆ ಸಿಕ್ಕಿತು. ಆ್ಯಸಿಡ್‌ನ ಚಿಲ್ಲರೆ ಮಾರಾಟಕ್ಕೆ 2013ರಲ್ಲಿ ಸುಪ್ರೀಂ ಕೋರ್ಟ್ ಕಟ್ಟುಪಾಡು ಹಾಕಿದ ಮೇಲೆ ಇಂಥ ಅಂಗಡಿಗಳವರು ಎಚ್ಚರದಲ್ಲಿದ್ದಾರೆ. ನಾನು ಕೇಳಿದ್ದು ಆ್ಯಸಿಡ್ ಅಲ್ಲ, ಕ್ಷಾರ. ಆದರೂ ಅವರು ಆಧಾರ್ ಪ್ರತಿ ಕೇಳಿದರು, ಯಾವುದಕ್ಕೆ ಎಂದು ಪುಸ್ತಕದಲ್ಲಿ ಬರೆಸಿಕೊಂಡರು. "ಸೋಪಿಗೆ" ಎಂದಾಗ ಒಮ್ಮೆ ತಲೆಯೆತ್ತಿ ನೋಡಿ, "ಅಂಗಡಿಯಲ್ಲಿ ಸೋಪು ಸಿಗುತ್ತದಲ್ಲ ಅಕ್ಕಾ" ಎಂದರು. ಹೋಗುವಾಗ ಗುರುತಿನ ಚೀಟಿಯ ಪ್ರತಿ ಕೈಯಲ್ಲಿರಲಿ. ಕೊರಿಯರ್‌ನಲ್ಲಿ ತರಿಸುವ ಆಸೆ ಬಿಡಿ, ಹಲವರು ಇದನ್ನು ಸಾಗಿಸಲು ಒಪ್ಪುವುದಿಲ್ಲ.

ಎರಡನೆಯ ಅಡ್ಡಿ ಪಾತ್ರೆ. ಅತ್ತೆ ಅಟ್ಟದಿಂದ ಇಳಿಸಿ ಕೊಟ್ಟದ್ದು ಹಳೆಯ ಅಲ್ಯುಮಿನಿಯಂ ಬೋಗುಣಿ. ಅಲ್ಯುಮಿನಿಯಂ ಆಗದು ಎಂದು ಓದಿದ್ದೆ, ಅವರಿಗೆ ಮಾತಿನಲ್ಲಿ ಹೇಳಿದರೆ ನಂಬಿಕೆ ಬರಲಿಲ್ಲ. ಸೊಟ್ಟಗಾದ ಒಂದು ಮುಚ್ಚಳದಲ್ಲಿ ಸ್ವಲ್ಪ ನೀರು ಹಾಕಿ, ಕಾಸ್ಟಿಕ್‌ನ ಒಂದೆರಡು ಚಕ್ಕೆ ಬಿಟ್ಟು ಅಂಗಳದಲ್ಲಿಟ್ಟೆ. ಮೊದಲು ಏನೂ ಇಲ್ಲ. ಆಮೇಲೆ ಚಕ್ಕೆಯ ಸುತ್ತ ಸಣ್ಣ ಗುಳ್ಳೆಗಳ ಸಾಲು ಎದ್ದಿತು, ನೀರು ಬೂದಿ ಬಣ್ಣಕ್ಕೆ ತಿರುಗಿತು, ಚುಸ್ ಎಂಬ ಸದ್ದು ಕೇಳತೊಡಗಿತು. ಅದರಿಂದ ಏಳುವುದು ಹೈಡ್ರೋಜನ್, ಬೆಂಕಿ ತಗುಲಿದರೆ ಹೊತ್ತಿಕೊಳ್ಳುವ ಅನಿಲ. ತೊಳೆದು ನೋಡಿದರೆ ಮುಚ್ಚಳದ ಹೊಳಪು ಹೋಗಿ ಕಪ್ಪು ಕಲೆ ಉಳಿದಿತ್ತು. ಅತ್ತೆ ಏನೂ ಮಾತಾಡದೆ ಬೋಗುಣಿಯನ್ನು ಮತ್ತೆ ಅಟ್ಟಕ್ಕೆ ಏರಿಸಿದರು. ಸ್ಟೀಲ್ ಪಾತ್ರೆ ಇಲ್ಲವೇ ದಪ್ಪ ಪಾಲಿಪ್ರೊಪಿಲೀನ್ ಬಕೆಟ್ ಮಾತ್ರ ಬಳಸಿ. ಬಳಸಿದ ಪಾತ್ರೆ, ಸೌಟು ಅಡುಗೆಮನೆಗೆ ಮರಳಬಾರದು.

ಮೊದಲ ಒಬ್ಬೆಗೆ ಆಧಾರ ಒಂದು ವಿಡಿಯೊ. ಒಂದು ಲೀಟರ್ ತೆಂಗಿನೆಣ್ಣೆಗೆ 174 ಗ್ರಾಂ ಕಾಸ್ಟಿಕ್ ಎಂದು ಅದರಲ್ಲಿ ಹೇಳಿದ್ದರು. ಕನ್ನಡಕ, ಕೈಗವಸು, ಉದ್ದ ತೋಳಿನ ಅಂಗಿ ಹಾಕಿಕೊಂಡು ಅಂಗಳದಲ್ಲಿ ಗಾಳಿಗೆ ಬೆನ್ನು ಮಾಡಿ ಕುಳಿತೆ. ಯಾವಾಗಲೂ ನೀರಿಗೆ ಕಾಸ್ಟಿಕ್ ಹಾಕಬೇಕು. ಕಾಸ್ಟಿಕ್ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ. ಸ್ವಲ್ಪ ಸ್ವಲ್ಪವಾಗಿ ಹಾಕಿದರೂ ತಣ್ಣೀರು ಕ್ಷಣದಲ್ಲಿ ಕೈ ಇಡಲಾಗದಷ್ಟು ಕಾಯುತ್ತದೆ, ಮೂಗಿಗೆ ಘಾಟು ಹೊಡೆಯುತ್ತದೆ. ಮೈಮೇಲೆ ಸಿಡಿದರೆ ವಿನೆಗರ್ ಹುಡುಕುತ್ತಾ ಕೂರಬೇಡಿ. ನಲ್ಲಿಯ ಕೆಳಗೆ ಹಿಡಿದು ಕಾಲು ಗಂಟೆಯಾದರೂ ತೊಳೆಯುತ್ತಿರಿ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಬೇಕು. ಮಕ್ಕಳು, ಬೆಕ್ಕು, ನಾಯಿ ಆ ಹೊತ್ತಿಗೆ ಅಂಗಳದಲ್ಲಿ ಇರಬಾರದು.

ಕಾಸ್ಟಿಕ್ ನೀರನ್ನು ಬಾವಿನೀರಿನ ಬಕೆಟ್ಟಿನೊಳಗೆ ಇಟ್ಟು 40 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವವರೆಗೆ ಕಾದೆ. ಎಣ್ಣೆಗೆ ಬೆರೆಸಿ ಹ್ಯಾಂಡ್ ಬ್ಲೆಂಡರ್ ತಿರುಗಿಸಿದೆ. ಸೌಟಿನಿಂದ ಮೇಲೆ ಬಿಟ್ಟ ಗೆರೆ ಒಳಗೆ ಮುಳುಗದೆ ಹಾಗೆಯೇ ನಿಂತರೆ ಹದ ಬಂದಿತೆಂದು ಲೆಕ್ಕ. ವಿಡಿಯೊದಲ್ಲಿ ಅದಕ್ಕೆ ಹತ್ತು ನಿಮಿಷ ಹಿಡಿದಿತ್ತು. ನನ್ನದು ನೋಡನೋಡುತ್ತಲೇ ಗಟ್ಟಿಯಾಯಿತು. ಕಾರಣ ಆಮೇಲೆ ತಿಳಿಯಿತು. ಕಮಟು ಹಿಡಿದ ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲಗಳು ಹೆಚ್ಚಿರುತ್ತವೆ, ಅವು ಕ್ಷಾರ ಕಂಡೊಡನೆ ಸೋಪಾಗಿಬಿಡುತ್ತವೆ. ಹಳೆಯ ಎಣ್ಣೆಯಾದರೆ ಅಚ್ಚು ಮೊದಲೇ ಸಿದ್ಧವಿರಲಿ, ಬ್ಲೆಂಡರ್ ಅನ್ನು ಬಿಟ್ಟು ಬಿಟ್ಟು ಒತ್ತಿ. ಬೆಣ್ಣೆಕಾಗದ ಹಾಸಿದ ಚಪ್ಪಲಿ ಡಬ್ಬಿಗೆ ಹೇಗೋ ತುಂಬಿಸಿದೆ.

ಮರುದಿನ ಬೆಳಿಗ್ಗೆ ಚಾಕು ಇಟ್ಟೆ. ಬಿಲ್ಲೆ ಬರಲಿಲ್ಲ, ಪುಡಿ ಬಂತು. ಎಲ್ಲಿ ಒತ್ತಿದರೂ ಸೀಮೆಸುಣ್ಣದ ಒಣ ಪುಡಿ, ನಡುನಡುವೆ ಸಾಸಿವೆ ಗಾತ್ರದ ಹೊಳೆಯುವ ಬಿಳಿ ಚುಕ್ಕೆಗಳು. ಒದ್ದೆ ಬೆರಳನ್ನು ಕತ್ತರಿಸಿದ ಮುಖಕ್ಕೆ ಉಜ್ಜಿ ನಾಲಿಗೆಯ ತುದಿಗೆ ಮುಟ್ಟಿಸಿದೆ. ಜುಮ್ಮೆಂದು ನಾಲಿಗೆ ತಾನಾಗಿಯೇ ಹಿಂದೆ ಸರಿಯಿತು. ಸೋಪು ಮಾಡುವವರ ಹಳೆಯ ಪರೀಕ್ಷೆ ಇದು. ಬರೀ ಸೋಪಿನ ಕೆಟ್ಟ ರುಚಿ ಬಂದರೆ ಭಯವಿಲ್ಲ, ಚುಚ್ಚಿದರೆ ಬಳಕೆಯಾಗದ ಕ್ಷಾರ ಉಳಿದಿದೆ ಎಂದರ್ಥ. ಸೋಪನ್ನೇ ನೆಕ್ಕಬೇಡಿ, ಬೆರಳಲ್ಲಿ ಮುಟ್ಟಿಸಿ, ಉಗಿದು ಬಾಯಿ ತೊಳೆದುಕೊಳ್ಳಿ.

ಕೆಲವರು ಅರಿಸಿನದ ಪರೀಕ್ಷೆ ಹೇಳುತ್ತಾರೆ. ಅರಿಸಿನ ಹಚ್ಚಿದ ಕಾಗದ ಕೆಂಪಾದರೆ ಕ್ಷಾರ ಹೆಚ್ಚಿದೆ ಎನ್ನುತ್ತಾರೆ. ಅದನ್ನು ನಂಬಬೇಡಿ. ಆರತಿಯ ಓಕುಳಿಗೆ ಅರಿಸಿನ, ಸುಣ್ಣ ಸೇರಿಸಿದಾಗ ನೀರು ಕೆಂಪಾಗುವುದೂ ಬಿಳಿ ಪಂಚೆಯ ಅರಿಸಿನದ ಕಲೆ ಸೋಪು ತಾಗಿದೊಡನೆ ಕೆಂಪಾಗುವುದೂ ಒಂದೇ ಗುಣದಿಂದ. ಒಳ್ಳೆಯ ಸೋಪಿನ ಪಿಎಚ್ ಕೂಡ 9ರಿಂದ 10ರವರೆಗೆ ಇರುತ್ತದೆ, ಅಷ್ಟಕ್ಕೇ ಅರಿಸಿನ ಕೆಂಪಾಗುತ್ತದೆ. ಹಾಗಾಗಿ ಅದು ಒಳ್ಳೆಯ ಸೋಪು, ಕೆಟ್ಟ ಸೋಪು ಎಂದು ಭೇದ ಮಾಡುವುದಿಲ್ಲ.

ಕ್ಷಾರ ಹೆಚ್ಚಾದದ್ದು ಎಲ್ಲಿಂದ ಎಂದು ಹುಡುಕಲು ಸಂಜೆಯವರೆಗೆ ಬೇಕಾಯಿತು. ತಕ್ಕಡಿ ಸರಿಯಿತ್ತು, ಕಾಸ್ಟಿಕ್ ಹೊಸದು. ಕೊನೆಗೆ ಒಂದು ಲೀಟರ್ ಎಣ್ಣೆಯನ್ನೇ ತೂಗಿ ನೋಡಿದೆ. 910 ಗ್ರಾಂ! ಎಣ್ಣೆ ನೀರಿಗಿಂತ ಹಗುರ, ಲೀಟರ್ ಎಂದರೆ ಕಿಲೋ ಅಲ್ಲ. ಒಂದು ಕಿಲೋ ತೆಂಗಿನೆಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಬೇಕು. ಚರ್ಮಕ್ಕೆ ಹಿತವಾಗಲೆಂದು ಶೇ 5ರಷ್ಟು ಕಾಸ್ಟಿಕ್ ಕಡಿಮೆ ಮಾಡಿದರೆ 174. ವಿಡಿಯೊದ ಲೆಕ್ಕ ಕಿಲೋಗೆ ಸರಿಯಾಗಿತ್ತು, ಬಾಯಲ್ಲಿ ಲೀಟರ್ ಎಂದದ್ದೇ ಎಡವಟ್ಟು. 910 ಗ್ರಾಂ ಎಣ್ಣೆಗೆ ಹೆಚ್ಚೆಂದರೆ 167 ಗ್ರಾಂ ಸಾಕು, ಮಿಕ್ಕ ಏಳು ಗ್ರಾಂ ಕಾಸ್ಟಿಕ್ ಎಣ್ಣೆ ಸಿಗದೆ ಸೋಪಿನಲ್ಲೇ ಕುಳಿತಿತ್ತು. ಯಾರ ಅಳತೆಯೇ ಆಗಲಿ, ಲೀಟರ್, ಕಪ್, ಚಮಚದಲ್ಲಿ ಹೇಳಿದರೆ ಅದನ್ನು ಬಿಟ್ಟು ಮುಂದೆ ಹೋಗಿ. ಎಣ್ಣೆ, ನೀರು, ಕಾಸ್ಟಿಕ್ ಮೂರನ್ನೂ ಗ್ರಾಮಿನಲ್ಲೇ ತೂಗಬೇಕು. ಎಣ್ಣೆ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಎಳ್ಳೆಣ್ಣೆ, ಅಕ್ಕಿ ತೌಡಿನ ಎಣ್ಣೆಗಳಿಗೆ ಕಿಲೋಗೆ 134 ಗ್ರಾಂ ಆಸುಪಾಸು, ಹರಳೆಣ್ಣೆಗೆ 128. ತೆಂಗಿನೆಣ್ಣೆಯ ಲೆಕ್ಕವನ್ನು ಇವುಗಳಿಗೆ ಹಾಕಿದರೆ ಸೋಪು ಮೈ ಸುಡುತ್ತದೆ.

ಆ ಪುಡಿಯನ್ನು ಎಸೆಯಲಿಲ್ಲ. ಕೈಗವಸು ಹಾಕಿಕೊಂಡು ಗಟ್ಟಿ ಭಾಗವನ್ನೆಲ್ಲ ತುರಿದು, ಸ್ಟೀಲ್ ಪಾತ್ರೆಯಲ್ಲಿ ಸ್ವಲ್ಪ ನೀರು ಚಿಮುಕಿಸಿ, ಕುದಿಯುವ ನೀರಿನ ದೊಡ್ಡ ಪಾತ್ರೆಯೊಳಗಿಟ್ಟು ಕರಗಿಸಿದೆ. ಕಿಲೋಗೆ ಕೊರತೆಯಾಗಿದ್ದ 90 ಗ್ರಾಂ ಎಣ್ಣೆ, ಅದರ ಮೇಲೆ ಇನ್ನೊಂದು 60 ಗ್ರಾಂ ಸೇರಿಸಿದೆ. ಪೂರ್ತಿ ನೀರಾಗಿ ಕರಗುತ್ತದೆ ಎಂದು ಕಾಯಬೇಡಿ, ಅದು ಕರಗುವುದಿಲ್ಲ. ಅಲ್ಲಲ್ಲಿ ಅರೆಪಾರದರ್ಶಕ ಗಂಟುಗಳಿರುವ ಮುದ್ದೆಯಾಗುತ್ತದೆ, ಅಷ್ಟೇ. ಅಚ್ಚಿಗೆ ಒತ್ತಿ ತುಂಬಿ, ಅಚ್ಚನ್ನು ನೆಲಕ್ಕೆ ಕುಟ್ಟಿ ಗಾಳಿ ಹೊರಡಿಸಬೇಕು. ನೋಡಲು ಒರಟಾದರೂ ನಾಲಿಗೆಗೆ ಚುಚ್ಚುವುದು ನಿಂತಿತು. ಆ ಬಿಲ್ಲೆಗಳು ಬಟ್ಟೆ ಒಗೆಯಲು ಚೆನ್ನಾಗಿಯೇ ಆದವು.

ಮುಂದಿನ ಒಬ್ಬೆಗೆ ಲೆಕ್ಕ ನಾನೇ ಹಾಕಿದೆ. ಬರೀ ತೆಂಗಿನೆಣ್ಣೆಯ ಸೋಪು ನೊರೆ ಚೆನ್ನಾಗಿ ಕೊಟ್ಟರೂ ಚರ್ಮವನ್ನು ಬಿಗಿಯುತ್ತದೆ. ಅದಕ್ಕಾಗಿ ಕಾಸ್ಟಿಕ್ ಅನ್ನು ಶೇ 20ರಷ್ಟು ಕಡಿಮೆ ಮಾಡುವುದು ರೂಢಿ. ಕಿಲೋ ಎಣ್ಣೆಗೆ 146 ಗ್ರಾಂ ಕಾಸ್ಟಿಕ್, ಅದರ ಎರಡರಷ್ಟು, ಅಂದರೆ 292 ಗ್ರಾಂ ನೀರು. ಎಲ್ಲವೂ ಸುಸೂತ್ರವಾಗಿ ಆಯಿತು. ವಿಡಿಯೊ ಹೇಳಿದ ಹಾಗೆ 24 ಗಂಟೆ ಬಿಟ್ಟು ಕತ್ತರಿಸಲು ಹೋದರೆ ಚಾಕು ಅರ್ಧಕ್ಕೆ ಇಳಿಯಿತು, ಆಮೇಲೆ ಟಕ್ಕೆಂದು ದಿಮ್ಮಿ ಸೀಳಿತು. ಬಿಲ್ಲೆಯ ಮೇಲರ್ಧ ನೇರ, ಕೆಳಗಿನರ್ಧ ಮುರಿದ ಕಲ್ಲು. ಮತ್ತೆ ಕ್ಷಾರವೇ ಎಂದು ಕೈಕಾಲು ಸೋತವು. ಆದರೆ ನಾಲಿಗೆಗೆ ಚುಚ್ಚಲಿಲ್ಲ.

ಇಲ್ಲಿ ಒಂದು ಸಂಗತಿ ಗಮನಿಸಿ, ನನಗೆ ಇದು ತಿಳಿದಿದ್ದರೆ ಒಂದು ವಾರ ನಿದ್ದೆ ಉಳಿಯುತ್ತಿತ್ತು. ಮುರಿಯುವುದರಲ್ಲಿ ಎರಡು ಬಗೆ. ಕ್ಷಾರ ಹೆಚ್ಚಾದ ಸೋಪು ಬೆರಳಿನ ನಡುವೆ ಉಜ್ಜಿದರೂ ಪುಡಿ ಉದುರಿಸುತ್ತದೆ. ಹೊತ್ತು ಮೀರಿ ಕತ್ತರಿಸಿದ ಸೋಪು ಉದುರುವುದಿಲ್ಲ, ಚಕ್ಕೆಯಾಗಿ ಸಿಡಿಯುತ್ತದೆ. ಮುರಿದ ಮುಖ ನಯವಾಗಿ, ಒಂದೇ ಬಣ್ಣದಲ್ಲಿ ಇರುತ್ತದೆ. ಮೊದಲನೆಯದಕ್ಕೆ ಮದ್ದು ಎಣ್ಣೆ ಸೇರಿಸಿ ಮತ್ತೆ ಕರಗಿಸುವುದು, ಎರಡನೆಯದಕ್ಕೆ ಗಡಿಯಾರ. ಆ 24 ಗಂಟೆಯ ಮಾತು ಹುಟ್ಟಿದ್ದು ಆಲಿವ್, ತಾಳೆ ಎಣ್ಣೆ ಬೆರೆಸಿ ಮಾಡುವ ಕಡೆಗಳಲ್ಲಿ. ಆಲಿವ್ ಎಣ್ಣೆಯದೇ ಸೋಪಾದರೆ ಎರಡು ಮೂರು ದಿನವಾದರೂ ಮೆತ್ತಗೇ ಇರುತ್ತದೆ. ತೆಂಗಿನೆಣ್ಣೆ ಹಾಗಲ್ಲ. ಅಚ್ಚಿನೊಳಗೆ ತಾನೇ ಕಾದು, ಅದೇ ದಿನ ಕಲ್ಲಾಗುತ್ತದೆ. ಮೈಸೂರು ಪಾಕನ್ನು ತಟ್ಟೆಗೆ ಹೊಯ್ದ ಮೇಲೆ ಬಿಸಿ ಆರುವ ಮೊದಲೇ ಗೆರೆ ಹಾಕುವುದಿಲ್ಲವೇ? ಇದಕ್ಕೂ ಅದೇ ನ್ಯಾಯ. ಬೆಳಿಗ್ಗೆ ಹೊಯ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ ನೋಡಬೇಕು. ದಿಮ್ಮಿ ಅಚ್ಚಿನ ಬದಿಯಿಂದ ಕೂದಲೆಳೆಯಷ್ಟು ಸರಿದಿರಬೇಕು, ಮುಟ್ಟಿದರೆ ಬೆಚ್ಚಗಿರಬೇಕು, ಬೆರಳಿನಿಂದ ಒತ್ತಿದರೆ ಗುರುತು ಬೀಳಬೇಕು, ಆದರೆ ಬೆರಳಿಗೆ ಅಂಟಬಾರದು. ನಮ್ಮ ಸೆಕೆಗೆ ನಾಲ್ಕೈದು ಗಂಟೆ ಸಾಕಾಗುತ್ತಿತ್ತು. ಹೊಸ ಸೋಪು ಇನ್ನೂ ಕ್ಷಾರವೇ, ಕತ್ತರಿಸುವಾಗಲೂ ಕೈಗವಸು ಇರಲಿ.

ಹೊತ್ತು ಮೀರಿಬಿಟ್ಟಿದ್ದರೆ ಒಂದು ಉಪಾಯವಿದೆ. ದಿಮ್ಮಿಯನ್ನು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ ಬಿಸಿಲಿಗಿಟ್ಟು ಒಳಗಿನವರೆಗೆ ಬಿಸಿಯೇರಿದ ಮೇಲೆ ಕತ್ತರಿಸಿದರೆ ಸೀಳುವುದು ಬಹಳ ಕಡಿಮೆಯಾಗುತ್ತದೆ. ಓವನ್ ಇದ್ದವರು 50–60 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೂ ಆದೀತು.

ಚಾಕುವಿನದೂ ಪಾತ್ರವಿದೆ. ನಮ್ಮ ತರಕಾರಿ ಚಾಕುವಿನ ಬೆನ್ನು ದಪ್ಪ. ಅದು ಇಳಿಯುತ್ತಾ ಹೋದಂತೆ ಸೋಪನ್ನು ಎರಡೂ ಕಡೆಗೆ ತಳ್ಳುತ್ತದೆ, ತಳದ ಹತ್ತಿರ ತಡೆಯಲಾರದೆ ಸೋಪು ಸೀಳುತ್ತದೆ. ಗಿಟಾರ್ ಕಲಿಯುವ ನನ್ನ ತಮ್ಮನ ಮಗನಿಂದ ಎಲ್ಲಕ್ಕಿಂತ ಸಪೂರದ ಉಕ್ಕಿನ ತಂತಿಯನ್ನು ಪಡೆದು, ಎರಡು ತುದಿಗೆ ಮರದ ತುಂಡು ಕಟ್ಟಿದೆ. ತಂತಿಯನ್ನು ದಿಮ್ಮಿಯ ಮೇಲೆ ಅಡ್ಡಲಾಗಿಟ್ಟು, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಸಮನಾಗಿ ಕೆಳಗೊತ್ತಬೇಕು. ಹಿಂದೆ ಮುಂದೆ ಎಳೆಯಬಾರದು. ಮೊದಲ ಬಿಲ್ಲೆ ಕನ್ನಡಿಯ ಮುಖ ಮಾಡಿಕೊಂಡು ಬಿದ್ದಾಗ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ಈ ಗೋಜೇ ಬೇಡ ಎನ್ನುವವರು ಬಿಲ್ಲೆಗೊಂದು ಗುಂಡಿ ಇರುವ ಸಿಲಿಕೋನ್ ಅಚ್ಚು ತನ್ನಿ, ಕತ್ತರಿಸುವ ಮಾತೇ ಇಲ್ಲ. ಬರೀ ತೆಂಗಿನೆಣ್ಣೆಗೆ ನಾನು ಈಗ ಹೇಳುವುದು ಅದನ್ನೇ.

ಕತ್ತರಿಸಿದ ಮೇಲೆ ಕಾಣುವ ಸಣ್ಣಪುಟ್ಟ ಗಾಬರಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನಡುವೆ ಕಂದು, ಅಂಚು ಬಿಳಿ ಇರುವ ಉಂಗುರ ಕಂಡರೆ ಸೋಪು ನಡುವಿನಲ್ಲಿ ಹೆಚ್ಚು ಕಾದು, ಅಂಚಿನಲ್ಲಿ ಬೇಗ ಆರಿದೆ ಎಂದಷ್ಟೇ. ಬಳಕೆಗೆ ಅಡ್ಡಿಯಿಲ್ಲ. ಒಂದೇ ಬಣ್ಣ ಬೇಕಾದರೆ ಹೊಯ್ದೊಡನೆ ಹಳೆಯ ಟವೆಲ್ ಸುತ್ತಿ ಎಲ್ಲ ಕಡೆ ಕಾಯಲು ಬಿಡಿ. ಮೇಲ್ಮೈಯಲ್ಲಿ ಬಿಳಿ ಹುಡಿ ಕುಳಿತಿದ್ದರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಕ್ಷಾರ ಸೇರಿ ಆದ ಸೋಡಿಯಂ ಕಾರ್ಬೊನೇಟ್. ತೊಳೆದರೆ ಹೋಗುತ್ತದೆ. ಹೊಯ್ದ ಮೇಲೆ ಬೆಣ್ಣೆಕಾಗದ ಮುಚ್ಚಿದರೆ ಅದು ಬರುವುದೇ ಕಡಿಮೆ.

ಪರಿಮಳದ ವಿಷಯ ಸಣ್ಣದಲ್ಲ. ಲವಂಗದ ಎಣ್ಣೆ ಹಲ್ಲುನೋವಿಗೆ ಇಟ್ಟದ್ದು ಮನೆಯಲ್ಲಿತ್ತು, ಒಂದು ಒಬ್ಬೆಗೆ ಅದನ್ನು ಹಾಕಿದೆ. ಬ್ಲೆಂಡರ್ ಅರ್ಧ ಸುತ್ತು ತಿರುಗಿ ನಿಂತಿತು. ತಳದಲ್ಲಿ ಎಲ್ಲವೂ ಬಿಗಿದು ಹೆಪ್ಪಾಗಿತ್ತು. ಲವಂಗದಲ್ಲಿರುವ ಯೂಜಿನಾಲ್ ಎಂಬ ಅಂಶ ಹೀಗೆ ಮಾಡುತ್ತದೆ, ದಾಲ್ಚಿನ್ನಿ ಎಲೆಯ ಎಣ್ಣೆಯೂ ಹಾಗೆಯೇ. ಬ್ಲೆಂಡರ್ ಕಿತ್ತು ಪಕ್ಕಕ್ಕಿಟ್ಟು, ಸೌಟಿನಿಂದ ತುಂಡು ತುಂಡಾಗಿ ತೆಗೆದು ಅಚ್ಚಿಗೆ ಒತ್ತಿದೆ. ಕತ್ತರಿಸಿದಾಗ ಬಿಲ್ಲೆಗಳ ತುಂಬ ಗಾಳಿಯ ತೂತುಗಳು. ಇಂಥ ತೂತಿನಲ್ಲಿ ಕೆಲವೊಮ್ಮೆ ಕಾಸ್ಟಿಕ್ ನೀರೇ ನಿಂತಿರುವುದುಂಟು, ಕೈಗವಸಿಲ್ಲದೆ ಒತ್ತಿ ನೋಡಬೇಡಿ. ಲವಂಗದ ಎಣ್ಣೆ ಹೆಚ್ಚಾದರೆ ಚರ್ಮವೂ ಉರಿಯುತ್ತದೆ. ಮಜ್ಜಿಗೆ ಹುಲ್ಲಿನ ಎಣ್ಣೆ ನನಗೆ ಯಾವ ತಂಟೆಯನ್ನೂ ಮಾಡಲಿಲ್ಲ. ಯಾವ ಪರಿಮಳವೇ ಆಗಲಿ, ಹದ ಬರುವ ಸ್ವಲ್ಪ ಮೊದಲು ಹಾಕಿ ಕೈಯಿಂದಲೇ ಕಲಕಿ.

ಬೆಂಗಳೂರಿನಲ್ಲಿರುವ ನಾದಿನಿ ನನ್ನಿಂದ ಲೆಕ್ಕ ಬರೆಸಿಕೊಂಡು ಹೋಗಿ, ಚಳಿ ಬೆಳಗಿನಲ್ಲಿ ಮಾಡಿ ಫೋನ್ ಮಾಡಿದಳು. "ಅತ್ತಿಗೆ, ಹದ ಬಂದಿತ್ತು, ನಾನೇ ನೋಡಿದೆ. ಈಗ ಮೇಲೆ ಎಣ್ಣೆ, ಕೆಳಗೆ ನೀರು ನಿಂತಿದೆ." ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಅವಳು ಕಂಡದ್ದು ಸೋಪಿನ ಹದವಲ್ಲ, ತಣಿದ ಎಣ್ಣೆಯ ಗಟ್ಟಿತನ. ಎಲ್ಲವನ್ನೂ ಎಚ್ಚರದಿಂದ ಪಾತ್ರೆಗೆ ಮರಳಿಸಿ, ಬಿಸಿನೀರಿನ ಮೇಲಿಟ್ಟು 40 ಡಿಗ್ರಿಗೆ ತಂದು ಮತ್ತೆ ಬ್ಲೆಂಡರ್ ಹಾಕು ಎಂದೆ. ಉಳಿಯಿತು. ಪುತ್ತೂರಿನಲ್ಲಿ ಈ ತೊಂದರೆ ನಮಗೆ ಗೊತ್ತೇ ಇರಲಿಲ್ಲ.

ತೆಂಗಿನೆಣ್ಣೆಯ ಸೋಪು ಬೇಗ ಕಲ್ಲಾಗುವುದಕ್ಕೆ ಪೂರ್ತಿ ಎದುರಿನ ತಾಪತ್ರಯ ತೌಡಿನೆಣ್ಣೆ ಹೆಚ್ಚು ಬೆರೆಸಿದ ಒಬ್ಬೆಯಲ್ಲಿ ಬಂತು. ಚರ್ಮ ಬಿಗಿಯುವುದು ಕಡಿಮೆಯಾಗಲೆಂದು ಬೆರೆಸಿದ್ದು. ಮಧ್ಯಾಹ್ನ ತಂತಿ ಇಟ್ಟರೆ ತಂತಿಗೇ ಮೆತ್ತಿಕೊಂಡಿತು, ಬಿಲ್ಲೆಗಳು ಒಂದಕ್ಕೊಂದು ಅಂಟಿದವು. ಅಚ್ಚಿನಲ್ಲೇ ಇನ್ನೆರಡು ದಿನ ಬಿಟ್ಟ ಮೇಲೆ ಸರಿಯಾಯಿತು. ಬೇಗ ಗಟ್ಟಿಯಾಗಬೇಕಾದರೆ ಕಿಲೋ ಎಣ್ಣೆಗೆ ಎರಡು ಟೀ ಚಮಚ ಅಡುಗೆ ಉಪ್ಪನ್ನು ನೀರಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ ಅದೇ ನೀರಿಗೆ ಕಾಸ್ಟಿಕ್ ಹಾಕಬೇಕು. ಮೊದಲು ಕಾಸ್ಟಿಕ್ ಹಾಕಿದರೆ ಉಪ್ಪು ಸರಿಯಾಗಿ ಕರಗುವುದಿಲ್ಲ. ಬರೀ ತೆಂಗಿನೆಣ್ಣೆಗೆ ಉಪ್ಪು ಹಾಕಬೇಡಿ, ಮೊದಲೇ ಕಲ್ಲು.

ಅಷ್ಟರಲ್ಲಿ ಮಳೆ ಹಿಡಿಯಿತು. ಕತ್ತರಿಸಿದ ಸೋಪು ನಾಲ್ಕರಿಂದ ಆರು ವಾರ ಮಾಗಬೇಕು, ಒಳಗಿನ ನೀರು ಆರಬೇಕು. ಜೂನ್ ತಿಂಗಳಲ್ಲಿ ನಮ್ಮಲ್ಲಿ ಒಗೆದ ಬಟ್ಟೆಯೇ ಆರುವುದಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಬಿಲ್ಲೆಗಳ ಮೇಲೆಲ್ಲ ಹನಿಗಳು, ಮುಟ್ಟಿದರೆ ಜಿಗುಟು. ಹಾಳಾಯಿತೆಂದೇ ತಿಳಿದೆ. ಸೋಪಾಗುವಾಗ ಎಣ್ಣೆಯಿಂದ ಗ್ಲಿಸರಿನ್ ಹುಟ್ಟುತ್ತದೆ. ದೊಡ್ಡ ಕಾರ್ಖಾನೆಗಳು ಅದನ್ನು ಬೇರ್ಪಡಿಸುತ್ತವೆ, ಮನೆಯ ಸೋಪಿನಲ್ಲಿ ಅದು ಹಾಗೆಯೇ ಉಳಿಯುತ್ತದೆ. ಚರ್ಮಕ್ಕೆ ಹಿತ ಕೊಡುವುದೂ ಅದೇ, ತೇವದ ಗಾಳಿಯಿಂದ ನೀರು ಎಳೆದು ಬೆವರುವುದೂ ಅದೇ. ಒರೆಸುತ್ತಾ ಕೂರುವುದರಿಂದ ಪ್ರಯೋಜನವಿಲ್ಲ, ಪ್ಲಾಸ್ಟಿಕ್ ಸುತ್ತಿದರಂತೂ ಇನ್ನಷ್ಟು ಕೆಡುತ್ತದೆ.

"ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೆ ಹಾಕು, ಮಳೆಗಾಲದಲ್ಲಿ ನಾವು ಎಲ್ಲವನ್ನೂ ಅಲ್ಲೇ ಒಣಗಿಸುವುದು" ಎಂದರು ಅತ್ತೆ.

"ಹೊಗೆ ಹಿಡಿಯುವುದಿಲ್ಲವೇ ಅತ್ತೆ?"

"ಪುನರ್ಪುಳಿಗೆ ಹಿಡಿದಿದೆಯೇ?"

ಪುನರ್ಪುಳಿ (ಕೋಕಂ) ಸಿಪ್ಪೆಗೆ ಹಿಡಿಯದ ಹೊಗೆ ಸೋಪಿಗೆ ಚೆನ್ನಾಗಿಯೇ ಹಿಡಿಯಿತು. ಬೆವರು ನಿಂತಿತು, ಬಿಲ್ಲೆಗಳು ಒಣಗಿದವು, ಮಜ್ಜಿಗೆ ಹುಲ್ಲಿನ ಪರಿಮಳದ ಜಾಗದಲ್ಲಿ ತೆಂಗಿನ ಸಿಪ್ಪೆ ಸುಟ್ಟ ವಾಸನೆ ಬಂದು ಕುಳಿತಿತು. ನಮ್ಮವರಿಗೆ ಅದೇ ಇಷ್ಟವಾಗಿ ಈಗ ದಿನವೂ ಬಳಸುತ್ತಿದ್ದಾರೆ. ಉಳಿದ ಬಿಲ್ಲೆಗಳನ್ನು ಒಳಕೋಣೆಯಲ್ಲಿ ಬಿದಿರಿನ ಗೆರಸೆಯ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರಡಿ, ಫ್ಯಾನ್ ಸಣ್ಣಗೆ ಹಾಕಿಟ್ಟೆ. ಒಂದು ಬಿಲ್ಲೆಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗುತ್ತಿದ್ದೆ. 110 ಗ್ರಾಂ ಇದ್ದದ್ದು ನಿಧಾನವಾಗಿ ಇಳಿದು 98ಕ್ಕೆ ನಿಂತಿತು. ತೂಕ ಇಳಿಯುವುದು ನಿಂತರೆ ಮಾಗಿದೆ ಎಂದರ್ಥ. ನಮ್ಮ ಮಳೆಗಾಲಕ್ಕೆ ಪಂಚಾಂಗದ ಆರು ವಾರ ಸಾಲದು. ಜಾಗ ಸಾಲದೆ ತುಕ್ಕು ಹಿಡಿದ ಕಬ್ಬಿಣದ ಕಪಾಟಿನಲ್ಲಿ ಇಟ್ಟ ತೌಡಿನೆಣ್ಣೆಯ ಬಿಲ್ಲೆಗಳ ಮೇಲೆ ಕಿತ್ತಳೆ ಚುಕ್ಕೆಗಳು ಎದ್ದು ಹಳೆ ಎಣ್ಣೆಯ ವಾಸನೆ ಬಂತು. ಬೇಗ ಕಮಟಾಗುವ ಎಣ್ಣೆಗೆ ಲೋಹ ತಾಗಿದರೆ ಹಾಗಾಗುತ್ತದೆ. ಚುಕ್ಕೆ ಕೆರೆದು ಪಾತ್ರೆ ತಿಕ್ಕಲು ಬಳಸಿದೆವು.

ಖರ್ಚು ಕೇಳುವವರಿಗೆ: ಗ್ರಾಂ ತೋರಿಸುವ ತಕ್ಕಡಿ 450 ರೂಪಾಯಿ, ಹ್ಯಾಂಡ್ ಬ್ಲೆಂಡರ್ 1,400, ಕನ್ನಡಕ ಮತ್ತು ಕೈಗವಸು 250, ಅರ್ಧ ಕಿಲೋ ಕಾಸ್ಟಿಕ್ 280. ಕಿಲೋ ಎಣ್ಣೆಯಿಂದ 110 ಗ್ರಾಂ ತೂಕದ ಹದಿಮೂರು ಬಿಲ್ಲೆ ಬರುತ್ತವೆ. ಎಣ್ಣೆಯನ್ನು ಕಿಲೋಗೆ 400 ರೂಪಾಯಿ ಕೊಟ್ಟು ತಂದರೆ ಪರಿಮಳ ಬಿಟ್ಟು ಬಿಲ್ಲೆಯೊಂದಕ್ಕೆ 37 ರೂಪಾಯಿ ಬೀಳುತ್ತದೆ. ದುಡ್ಡು ಉಳಿಸಲೆಂದು ಹೊರಡುವವರು ಮನೆಯ ತೆಂಗು ಇದ್ದರೆ ಮಾತ್ರ ಹೊರಡಿ.

ಬಿಲ್ಲೆ ಪಡೆದ ನೆಂಟರೊಬ್ಬರು ಜಾತ್ರೆಯಲ್ಲಿ ಮಾರಬಾರದೇ ಎಂದರು. ಮನೆಯ ಬಳಕೆಗೆ ಯಾರನ್ನೂ ಕೇಳಬೇಕಾಗಿಲ್ಲ. ಮೈಗೆ ಹಚ್ಚುವ ಸೋಪನ್ನು ಮಾಡಿ ಮಾರುವುದಾದರೆ ಅದು ಕಾನೂನಿನ ಕಣ್ಣಿಗೆ ಸೌಂದರ್ಯವರ್ಧಕ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ರಾಜ್ಯದ ಪರವಾನಗಿ ಬೇಕು, ಅದಕ್ಕೆ ತಕ್ಕ ಜಾಗ, ತಿಳಿದ ಸಿಬ್ಬಂದಿ, ದಾಖಲೆ ಎಲ್ಲ ಬೇಕು. ನಾನು ಆ ಗೋಜಿಗೆ ಹೋಗಿಲ್ಲ. ಕಮಟು ಎಣ್ಣೆಯ ಡಬ್ಬಿ ಖಾಲಿಯಾಗಿದೆ. ಇನ್ನು ಹರಳೆಣ್ಣೆ ಬೆರೆಸಿದ್ದೊಂದನ್ನು ಮಾಡಿ ನೋಡಬೇಕು, ಅದೂ ಬಿಸಿಲು ಕಂಡ ಮೇಲೆ.